ನಾಲ್ಕನೆಯ ಬುಗ್ಗೆಯ ಹಾಡು

ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರನ್ನು ಮೊದಲು ಕೇಳುವುದು ಜಪಾನಿ ಭಾಷೆ ಬರುತ್ತದೆಯೇ ಎಂದು. ಯಾವೂರು, ಯಾರ ಮನೆಗೆ ಬಂದಿರಿ, ಊಟ ಆಯಿತೇ, ಇವೆಲ್ಲ ಆಮೇಲೆ. ಬುಗ್ಗೆ ಸಮಿತಿಯ ಕಾರ್ಯದರ್ಶಿ ಮರುಳಯ್ಯನವರು ಮಡಚುವ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಕೂತಿರುತ್ತಾರೆ. ಬರುವುದಿಲ್ಲ ಎಂದವರನ್ನು ಊರೊಳಗೆ ಬಿಡುತ್ತಾರೆ. ಬರುತ್ತದೆ ಎಂದವರಿಗೆ ಊರಾಚೆಯ ಛತ್ರದಲ್ಲಿ ಕೋಣೆ ಕೊಟ್ಟು, ಬುಗ್ಗೆಯ ನೀರನ್ನು ಬಿಂದಿಗೆಯಲ್ಲಿ ಅಲ್ಲಿಗೇ ಕಳಿಸುತ್ತಾರೆ. ಬಿಂದಿಗೆಗೆ ಹೋದ ನೀರು ಬರೀ ಬಿಸಿನೀರು, ಅದರಿಂದ ನೆಗಡಿಯೂ ಬಿಡುವುದಿಲ್ಲ. ಆದರೂ ಅವರ ಮರ್ಯಾದೆಗೆ ಏನೂ ಕಮ್ಮಿ ಮಾಡುವುದಿಲ್ಲ.

ನಮ್ಮಲ್ಲಿ ಬುಗ್ಗೆಗಳು ನಾಲ್ಕು. ನೀರು ನೆಲದಿಂದ ಮೇಲೆ ಬರುವಾಗ ಅಕ್ಕಿ ಹಾಕಿದರೆ ಬೇಯುವಷ್ಟು ಬಿಸಿ ಇರುತ್ತದೆ. ತಣ್ಣೀರು ಬೆರೆಸಿದರೆ ಅದರ ಗುಣ ಹೋಗುತ್ತದೆ, ಆರಲು ಬಿಟ್ಟರೂ ಹೋಗುತ್ತದೆ. ಹಾಡಿದರೆ ಮಾತ್ರ ಗುಣ ಉಳಿದು ಬಿಸಿ ಇಳಿಯುತ್ತದೆ. ಆಳೆತ್ತರದ ಹಲಗೆಯನ್ನು ಕೊಳಕ್ಕಿಳಿಸಿ, ಬಲಕ್ಕೊಮ್ಮೆ ಎಡಕ್ಕೊಮ್ಮೆ ಮಗುಚುತ್ತ, ಆ ಬುಗ್ಗೆಗೆ ಸೇರಿದ ಜಪಾನಿ ಹಾಡನ್ನು ಹಾಡಬೇಕು. ಒಂದು ಬುಗ್ಗೆಗೆ ಒಂದೇ ಹಾಡು, ಒಂದರದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ಹಾಡುವವರು ಅದನ್ನು ಹಾಲುಹಲ್ಲು ಬೀಳುವ ಮೊದಲೇ ಕಲಿಯಲು ಶುರುಮಾಡಿರಬೇಕು, ಅದೂ ಯಾರ ಮಾತನ್ನು ನೀರು ಕೇಳುತ್ತದೋ ಅಂಥವರ ಬಾಯಿಂದ. ಮತ್ತು ಹಾಡಿನ ಅರ್ಥ ಗೊತ್ತಿರಬಾರದು. ಅರ್ಥ ಗೊತ್ತಾದವರ ಹಾಡನ್ನು ನೀರು ಕೇಳುವುದಿಲ್ಲ. ಜಪಾನಿನ ಹಾಡು ಇಲ್ಲಿಗೆ ಹೇಗೆ ಬಂತು ಎಂದು ನನ್ನನ್ನು ಕೇಳಬೇಡಿ. ಮರುಳಯ್ಯನವರನ್ನು ಕೇಳಿದರೆ ಮೂರು ಕಥೆ ಹೇಳುತ್ತಾರೆ, ಮೂರೂ ಅವರೇ ಕಟ್ಟಿದ್ದು.

ಹಾಗಾಗಿ ನಮ್ಮೂರಿನಲ್ಲಿ ‘ತಿಳಿದವಳು’ ಎಂದರೆ ಬೈಗುಳ. ನಲ್ಲಿಯ ಹತ್ತಿರ ಹೆಂಗಸರು ಜಗಳಕ್ಕೆ ನಿಂತರೆ, ಮಿಕ್ಕ ಬೈಗುಳವೆಲ್ಲ ಮುಗಿದ ಮೇಲೆ, ಹೋಗೇ ತಿಳಿದವಳೇ ಎಂದು ಒಬ್ಬಳು ಅಂದುಬಿಟ್ಟರೆ ಕೊಡ ಎತ್ತಿ ಹೊಡೆಯುವುದೊಂದೇ ಬಾಕಿ. ಹಾಡಿನ ಮನೆಯ ಮಕ್ಕಳು ‘ಹಾಗಂದರೇನು’ ಎಂದು ಕೇಳಿದರೆ ನಾಲಿಗೆಗೆ ಮೆಣಸಿನಕಾಯಿ ಸವರುತ್ತಾರೆ. ಶಾಲೆಯಲ್ಲಿ ಮೇಷ್ಟ್ರು ಕನ್ನಡ ಪದ್ಯ ಓದಿ ಭಾವಾರ್ಥ ಹೇಳಲು ಶುರುಮಾಡಿದರೆ ನಾವು ಹಾಡಿನ ಮನೆಯವರು ಎದ್ದು ಹೊರಗೆ ಹೋಗಿ ಜಗುಲಿಯ ಮೇಲೆ ಕೂರಬೇಕಾಗಿತ್ತು. ಅರ್ಥ ಹುಡುಕುವ ಚಟ ಹತ್ತಬಾರದು ಎಂದು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನಮಗೆ ಪೂರ್ತಿ ಅಂಕ ಸುಮ್ಮನೆ ಕೊಡುತ್ತಿದ್ದರು. ಅದಕ್ಕಾಗಿ ಉಳಿದ ಮಕ್ಕಳು ನಮ್ಮನ್ನು ಕಂಡರೆ ಉರಿದುಬೀಳುತ್ತಿದ್ದರು.

ನಾನು ಹೊನ್ನಾಜಮ್ಮ. ನಾಲ್ಕನೆಯ ಬುಗ್ಗೆಯ ಹಾಡನ್ನು ಐದನೆಯ ವಯಸ್ಸಿಗೆ ಸೋದರತ್ತೆ ಪದ್ದಕ್ಕನಿಂದ ಕಲಿಯಲು ಕೂತೆ. ಇಪ್ಪತ್ತೆರಡು ಸಾಲಿನ ಹಾಡು, ನಾಲ್ಕೂ ಬುಗ್ಗೆಗಳಲ್ಲಿ ಇದೇ ಉದ್ದದ್ದು. ಪೂರ್ತಿ ಬಾಯಿಗೆ ಬರಲು ಮೂರು ವರ್ಷ ಹಿಡಿಯಿತು. ಒಂದು ಸಾಲು ಬಿಟ್ಟು ಒಂದು ಸಾಲಿಗೆ ‘ಮೋ ಸುಕೋಶಿ ಇತೆ ಓಕುರೆ’ ಎಂದು ಬರುತ್ತದೆ. ಅಲ್ಲಿಗೆ ಬಂದಾಗ ಹಲಗೆಯನ್ನು ಪೂರಾ ಮಗುಚಬೇಕು. ಅಷ್ಟು ಗೊತ್ತಿದ್ದರೆ ಸಾಕು ಎಂದಿದ್ದಳು ಪದ್ದಕ್ಕ. ಅವಳು ಸತ್ತ ಮೇಲೆ ಆ ಹಾಡು ಬರುವವಳು ಊರಿನಲ್ಲಿ ನಾನೊಬ್ಬಳೇ ಉಳಿದೆ. ಒಂದು ಮಗುವಿಗಾದರೂ ಕಲಿಸು ಎಂದು ಮರುಳಯ್ಯನವರು ಬಾಯಿ ನೋಯುವಷ್ಟು ಹೇಳಿದರು. ಇವತ್ತು ನಾಳೆ ಎಂದು ತಳ್ಳಿಕೊಂಡು ಬಂದೆ. ನಿಜ ಹೇಳಬೇಕೆಂದರೆ ನಾನೊಬ್ಬಳೇ ಎನ್ನುವುದು ನನಗೆ ಹಿತವಾಗಿತ್ತು.

ಹಲಗೆ ಹಿಡಿದವಳು ನೀರು ಮುಟ್ಟಬಾರದು ಎಂಬುದು ನಮ್ಮ ಕಟ್ಟಳೆ. ಮುಟ್ಟಿದರೆ ನೀರನ್ನು ಅನುಮಾನಿಸಿದ ಹಾಗೆ. ನೀರಿಗಿಳಿಯುವವರು ಕಾಲಿನ ಹೆಬ್ಬೆರಳೋ ಕೈಬೆರಳೋ ಅದ್ದಿ ನೋಡಿ ‘ಹದ ಬಂತು’ ಎಂದು ಹೇಳಬೇಕು. ಆ ಮಾತಿನ ಮೇಲೇ ಎಲ್ಲ ನಡೆಯುತ್ತದೆ. ಮುಟ್ಟಿದರೂ ನನಗೆ ತಿಳಿಯುತ್ತಿರಲಿಲ್ಲ ಬಿಡಿ. ಹಲಗೆ ಹಿಡಿದು, ಹಬೆ ಕುಡಿದು, ನನ್ನ ಅಂಗೈ ದಡ್ಡುಗಟ್ಟಿ ಹದಿನೈದು ವರ್ಷವಾಗಿತ್ತು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದೆ.

ನನ್ನ ಮಗಳು ವಾರಿಜ. ಎರಡು ವರ್ಷದ ಕೂಸಾಗಿದ್ದಾಗ ಅವಳ ಕೀಲುಗಳು ಬಿಗಿಯಲು ಶುರುವಾದವು. ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ಬೆರಳು. ಅವಳ ಅಪ್ಪ ಒಂದು ವರ್ಷ ಆಸ್ಪತ್ರೆ ಆಸ್ಪತ್ರೆ ಸುತ್ತಿ, ಒಂದು ದಿನ ಔಷಧಿ ತರುತ್ತೇನೆಂದು ಹೋದವನು ಬರಲೇ ಇಲ್ಲ. ಅವನ ಸುದ್ದಿ ಇಲ್ಲಿ ಸಾಕು. ನಾಲ್ಕನೆಯ ಬುಗ್ಗೆಯ ನೀರಿನಲ್ಲಿ ಒಂದು ತಾಸು ಮಲಗಿಸಿದರೆ ಮಾತ್ರ ಅವಳ ಕೀಲು ಸಡಿಲಾಗುತ್ತಿತ್ತು, ಅದೂ ಒಂದು ದಿನದ ಮಟ್ಟಿಗೆ. ಮಾರನೆಯ ದಿನ ಮತ್ತೆ ಮಲಗಿಸಬೇಕು. ಹಾಗೆ ಇಪ್ಪತ್ತೊಂದು ವರ್ಷ ಒಂದು ದಿನವೂ ಬಿಡದೆ ಮಲಗಿಸಿದ್ದೇನೆ. ಜ್ವರ ಬಂದಾಗಲೂ ಹಾಡಿದ್ದೇನೆ, ನನ್ನವ್ವ ಸತ್ತ ದಿನವೂ ಹೆಣ ಅಂಗಳದಲ್ಲಿಟ್ಟು ಹೋಗಿ ಹಾಡಿ ಬಂದಿದ್ದೇನೆ.

ದಿನವೂ ಹನ್ನೊಂದು ಗಂಟೆಗೆ ಅವಳನ್ನು ತಳ್ಳುಗಾಡಿಯಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಹಗ್ಗ ಕಟ್ಟಿದ ಮರದ ಮಣೆಯ ಮೇಲೆ ಅವಳನ್ನು ಮಲಗಿಸಿ ಹಾಡಲು ಶುರುಮಾಡುತ್ತಿದ್ದೆ. ಒಂದು ಸುತ್ತು ಮುಗಿದ ಮೇಲೆ ಅವಳು ಬೆರಳದ್ದಿ ‘ಹದ ಬಂತಮ್ಮ’ ಎನ್ನುವಳು. ಹಗ್ಗ ಬಿಡುತ್ತಿದ್ದೆ. ಅವಳು ಕುತ್ತಿಗೆಯವರೆಗೆ ನೀರಿಗಿಳಿಯುವಳು, ನಾನು ಮೇಲಿನಿಂದ ಹಲಗೆ ಮಗುಚುತ್ತ ಹಾಡುತ್ತಲೇ ಇರುವೆನು, ಏಕೆಂದರೆ ಕೆಳಗಿನಿಂದ ಹೊಸ ನೀರು ಬರುತ್ತಲೇ ಇರುತ್ತದೆ. ನೀರಿನಿಂದ ಎದ್ದ ಮೇಲೆ ಅವಳು ತಾನೇ ಬಟ್ಟೆ ಹಾಕಿಕೊಂಡು, ಗೋಡೆ ಹಿಡಿದುಕೊಂಡು ಹತ್ತು ಹೆಜ್ಜೆ ನಡೆದು, ಮನೆಯಲ್ಲಿ ಸಂಜೆಯವರೆಗೆ ಕೇರಿಯವರ ರವಿಕೆಗಳಿಗೆ ಹುಕ್ಕು ಹಾಕುತ್ತಿದ್ದಳು. ಮಹಾ ವಾಚಾಳಿ. ರವಿಕೆ ತಂದವರು ಅರ್ಧ ತಾಸು ಕೂತು ನಕ್ಕು ಹೋಗುತ್ತಿದ್ದರು. ನನಗಿಂತ ಅವಳೇ ಊರಿಗೆ ಹೆಚ್ಚು ಬೇಕಾದವಳಾಗಿದ್ದಳು.

ಹೋದ ವರ್ಷ ಚಳಿಗಾಲದಲ್ಲಿ ಐತಪ್ಪ ಎಂಬ ಮುದುಕ ಮಂಡಿನೋವೆಂದು ನಾಲ್ಕನೆಯ ಬುಗ್ಗೆಗೆ ಬಂದ. ಅದರ ಬಿಸಿಗೆ ಹೆದರಿ ಹೊರಗಿನವರು ಯಾರೂ ಬರುವುದಿಲ್ಲ, ನಮ್ಮವರೂ ಉಳಿದ ಮೂರಕ್ಕೇ ಹೋಗುತ್ತಾರೆ. ಎಷ್ಟೋ ಕಾಲದ ಮೇಲೆ ಒಬ್ಬ ಬಂದನಲ್ಲ ಎಂದು ನನಗೆ ಸಂತೋಷವೇ ಆಯಿತು. ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವನಂತೆ. ಜಪಾನಿ ಬರುವುದಿಲ್ಲ ಎಂದು ಮರುಳಯ್ಯನವರ ಮುಂದೆ ದೇವರಾಣೆ ಮಾಡಿ ಒಳಗೆ ಬಂದಿದ್ದ. ಕೊಳದ ನಡುವೆ ಗೋಡೆ ಇದೆ, ಆಚೆ ಗಂಡಸರು ಈಚೆ ಹೆಂಗಸರು. ನೀರು ಮಾತ್ರ ಗೋಡೆಯ ಕೆಳಗೆ ಒಂದೇ. ನಾನು ಹಾಡಲು ಶುರುಮಾಡಿದ ಮೊದಲ ದಿನವೇ ಗೋಡೆಯಾಚೆಯಿಂದ ಅವನು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಮಂಡಿ ಅಷ್ಟು ನೋಯುತ್ತಿರಬೇಕು ಪಾಪ ಎಂದುಕೊಂಡೆ. ವಾರಿಜ ಹಾಗಂದುಕೊಳ್ಳಲಿಲ್ಲ.

ಅವಳು ನೀರಿನಿಂದ ಎದ್ದ ಮೇಲೆ ನಾನು ಒಣಬಟ್ಟೆ ತರಲು ಹೋಗುವ ಹೊತ್ತಿನಲ್ಲಿ ಇಬ್ಬರೂ ಗೋಡೆಯ ಮೂಲಕ ಮಾತಾಡುತ್ತಿದ್ದರು ಎಂಬುದು ನನಗೆ ತಿಳಿದದ್ದು ಅವನು ಹೋದ ಮೇಲೆ. ಮೊದಲು ಅವನು ಕೈಮುಗಿಯುತ್ತೇನೆ, ಬೇಡವಮ್ಮ ಎಂದನಂತೆ. ನೀರಿನಲ್ಲಿ ಮಲಗುವವರಿಗೆ ಅರ್ಥ ಗೊತ್ತಿದ್ದರೆ ತಪ್ಪಿಲ್ಲ, ಹಾಡುವವರಿಗೆ ಗೊತ್ತಿರಬಾರದು ಅಷ್ಟೇ ಎಂದು ಇವಳು ವಾದ ಮಾಡಿದಳಂತೆ. ವಾದದಲ್ಲಿ ಅವಳನ್ನು ಗೆದ್ದವರಿಲ್ಲ. ಎರಡು ವಾರದಲ್ಲಿ ಒಂದೊಂದೇ ಸಾಲು ಹೇಳಿಸಿಕೊಂಡಿದ್ದಾಳೆ. ಐತಪ್ಪ ಊರು ಬಿಡುವಾಗ ನನ್ನ ಮುಖ ನೋಡಲಿಲ್ಲ.

ಆಮೇಲೆ ಅವಳು ನೀರಿನಲ್ಲಿ ಬೇರೆ ಥರ ಮಲಗತೊಡಗಿದಳು. ಮೊದಲೆಲ್ಲ ನಾನು ಹಾಡುತ್ತಿದ್ದರೆ ಚಾವಣಿ ನೋಡಿಕೊಂಡು ಏನೇನೋ ಹರಟುತ್ತಿದ್ದವಳು ಈಗ ನನ್ನ ಬಾಯನ್ನೇ ನೋಡುವಳು. ಮೂರನೆಯ ಸಾಲಿಗೆ ನಗುವಳು. ಏಳನೆಯ ಸಾಲಿಗೆ ಕಣ್ಣು ಮುಚ್ಚುವಳು. ‘ಮೋ ಸುಕೋಶಿ’ ಬಂದಾಗಲೆಲ್ಲ ಅವಳ ಗಲ್ಲದ ಮೇಲೆ ನೀರಿಳಿಯುವುದು, ಅದು ಹಬೆಯದಲ್ಲ. ನೋವೇನೇ ಎಂದರೆ ಇಲ್ಲಮ್ಮ, ಹದವಾಗಿದೆ ಎನ್ನುವಳು. ನನಗೆ ಗೊತ್ತಾಗಿಹೋಯಿತು.

ಆಗ ನಾನು ಏನು ಮಾಡಬೇಕಾಗಿತ್ತೆಂದರೆ, ಅವಳ ಮುಖದಲ್ಲಿ ಅರ್ಥ ಕಾಣದಂತೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಾಡಬೇಕಾಗಿತ್ತು. ಹಿಂದೆ ಹಾಗೆ ಮಾಡಿದವರಿದ್ದಾರೆ. ಎರಡನೆಯ ಬುಗ್ಗೆಯ ಹೆಂಗಸೊಬ್ಬಳು ಗಂಡನಿಗೆ ಅರ್ಥ ಗೊತ್ತೆಂದು ತಿಳಿದ ದಿನದಿಂದ ಅವನ ಜೊತೆ ಮಾತು ಬಿಟ್ಟು ಮೂವತ್ತು ವರ್ಷ ಬಾಳುವೆ ಮಾಡಿದಳು. ನಾನು ಹೊಟ್ಟೆಕಿಚ್ಚು ಪಟ್ಟೆ. ಮಗಳ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಅದೇ ನಿಜ. ಹಾಡು ನನ್ನದು. ಬಾಯಿ ನನ್ನದು, ದಡ್ಡುಗಟ್ಟಿದ ಕೈ ನನ್ನದು. ನಲವತ್ತೈದು ವರ್ಷ ನಾನು ಏನು ಒದರುತ್ತಿದ್ದೇನೆ ಎಂದು ಎಲ್ಲಿಂದಲೋ ಬಂದ ಅಡುಗೆಯವನಿಗೆ ಗೊತ್ತು, ಹುಕ್ಕು ಹಾಕುವ ಹುಡುಗಿಗೆ ಗೊತ್ತು, ನನಗೆ ಮಾತ್ರ ಇಲ್ಲ. ಸಣ್ಣವಳಿದ್ದಾಗ ಜಗುಲಿಯ ಮೇಲೆ ಕೂತು ಒಳಗೆ ಮೇಷ್ಟ್ರು ಏನು ಹೇಳುತ್ತಿರಬಹುದು ಎಂದು ಕಿವಿ ಚಾಚುತ್ತಿದ್ದೆನಲ್ಲ, ಅದೇ ಸಂಕಟ ಮತ್ತೆ ಶುರುವಾಯಿತು.

ಹೇಳು ಎಂದೆ. ಬೇಡಮ್ಮ ಎಂದಳು. ಗದರಿದೆ. ಬೇಡಮ್ಮ ಎಂದಳು. ಮೂರು ದಿನ ಅವಳ ಜೊತೆ ಮಾತು ಬಿಟ್ಟೆ. ಊಟ ತಟ್ಟೆಗೆ ಹಾಕಿ ಕುಕ್ಕುತ್ತಿದ್ದೆ. ನಡೆಯಲು ಅಷ್ಟು ಕಷ್ಟಪಡುವವಳ ಮೇಲೆ ನಾನು ಮುನಿಸು ತೋರಿಸಿದೆ. ನಾಲ್ಕನೆಯ ದಿನ ಮಧ್ಯಾಹ್ನ, ಒಂದು ರವಿಕೆ ಮಡಿಲಲ್ಲಿಟ್ಟುಕೊಂಡು, ಸೂಜಿ ಪಕ್ಕಕ್ಕಿಟ್ಟಳು.

“ಆಮೇಲೆ ನೀರು ಕೇಳ್ದಿದ್ರೆ ಏನ್ ಮಾಡ್ತೀಯಮ್ಮ?”

“ಕೇಳುತ್ತೆ. ನಲವತ್ತೈದು ವರ್ಷ ಕೇಳಿದ್ದು ಇವತ್ತು ಕೇಳಲ್ವಾ? ಗೊತ್ತಿದ್ರೂ ನಾನು ಮನಸ್ಸಿಗೆ ಹಾಕ್ಕೊಳಲ್ಲ. ಹೇಳು.”

ಹೇಳಿದಳು. ಅಲ್ಲೆಲ್ಲೋ ಹಿಮ ಬೀಳುವ ಬೆಟ್ಟದಲ್ಲಿ ಬಿಸಿನೀರಿನ ಛತ್ರವೊಂದಿದೆಯಂತೆ. ಅಲ್ಲಿ ಕೆಲಸಕ್ಕಿರುವ ಹೆಂಗಸೊಬ್ಬಳು, ಸ್ನಾನ ಮುಗಿಸಿ ಹೊರಟು ನಿಂತ ಯಾರಿಗೋ ಹೇಳುತ್ತಿದ್ದಾಳಂತೆ. ನಿನ್ನ ಚಪ್ಪಲಿ ಇನ್ನೂ ಒಣಗಿಲ್ಲ, ಇನ್ನು ಸ್ವಲ್ಪ ಹೊತ್ತು ಇರು. ಬಾಗಿಲಿಗೆ ಹಿಮ ಬಿದ್ದಿದೆ, ಇನ್ನು ಸ್ವಲ್ಪ ಹೊತ್ತು ಇರು. ಅನ್ನಕ್ಕೆ ಈಗಷ್ಟೇ ಎಸರಿಟ್ಟಿದ್ದೇನೆ, ಇನ್ನು ಸ್ವಲ್ಪ ಹೊತ್ತು ಇರು. ದಾರಿಯಲ್ಲಿ ನಿನ್ನ ಬೆನ್ನು ಉಜ್ಜುವವರು ಯಾರಿದ್ದಾರೆ, ಇನ್ನು ಸ್ವಲ್ಪ ಹೊತ್ತು ಇರು. ಹೀಗೇ ಹನ್ನೊಂದು ನೆಪ. ಕೊನೆಯ ನೆಪ ಹೇಳುವಾಗ ವಾರಿಜ ನನ್ನ ಮುಖವನ್ನೇ ನೋಡಿದಳು. ಬುಗ್ಗೆಯ ಹಬೆಯಲ್ಲಿ ನಿನ್ನ ಮುಖವನ್ನೇ ನಾನಿನ್ನೂ ಸರಿಯಾಗಿ ನೋಡಿಲ್ಲ ಎಂಬುದಂತೆ ಅದು.

ನನಗೆ ನಗು ಬಂತು. ಇಷ್ಟೇನಾ ಎಂದೆ. ಇದಕ್ಕಾಗಿ ಮೆಣಸಿನಕಾಯಿ, ಇದಕ್ಕಾಗಿ ಜಗುಲಿ, ಇದಕ್ಕಾಗಿ ಬಸ್‌ಸ್ಟ್ಯಾಂಡಿನಲ್ಲಿ ಕುರ್ಚಿ. ಒದ್ದೆ ಚಪ್ಪಲಿಯ ಹಾಡು. ವಾರಿಜಳೂ ನಕ್ಕಳು, ನಗುತ್ತ ನಗುತ್ತ ನನ್ನ ಕೈ ಹಿಡಿದುಕೊಂಡು, ಇಷ್ಟು ವರ್ಷ ನೀನು ದಿನಾ ನನಗೆ ಇದನ್ನೇ ಹೇಳ್ತಿದ್ದೆಯಲ್ಲಮ್ಮ ಎಂದಳು. ನಮ್ಮ ಮನೆಯಲ್ಲಿ ಅಂಥ ಮಧ್ಯಾಹ್ನ ಇನ್ನೊಂದು ಆಗಿರಲಿಲ್ಲ. ಅವಳಿಗೆ ನಾನೇ ತಲೆ ಬಾಚಿ, ಕಡುಬು ಮಾಡಿ ಬಡಿಸಿದೆ.

ಮಾರನೆಯ ದಿನ ಹಲಗೆಯನ್ನು ಕೊಳಕ್ಕಿಳಿಸಿದೆ. ಒಂದು ಸುತ್ತು ಹಾಡಿದೆ. ಚಪ್ಪಲಿಯ ಸಾಲಿಗೆ ಚಪ್ಪಲಿ ಕಣ್ಣ ಮುಂದೆ ಬಂತು, ಎಸರಿನ ಸಾಲಿಗೆ ಎಸರು ಬಂತು. ಮನಸ್ಸಿಗೆ ಹಾಕಿಕೊಳ್ಳುವುದಿಲ್ಲ ಎಂದವಳಿಗೆ ಒಂದೂ ತಪ್ಪಲಿಲ್ಲ. ವಾರಿಜ ಬೆರಳದ್ದಿದಳು. ಸ್ವಲ್ಪ ತಡೆದು, ಹದ ಬಂತಮ್ಮ ಎಂದಳು. ನಾನು ಹಗ್ಗ ಬಿಟ್ಟೆ. ಅವಳು ತುಟಿ ಕಚ್ಚಿಕೊಂಡದ್ದನ್ನು ನೋಡಿದೆ, ನಗು ತಡೆಯುತ್ತಿದ್ದಾಳೆ ಎಂದುಕೊಂಡೆ.

ಗೆದ್ದೆ ಅನ್ನಿಸಿತು. ಈ ಕಟ್ಟಳೆಯೆಲ್ಲ ಸಮಿತಿಯವರು ನಮ್ಮನ್ನು ಹೆದರಿಸಿಡಲು ಮಾಡಿಕೊಂಡದ್ದು ಎಂದು ಒಳಗೊಳಗೇ ಬೀಗಿದೆ. ದಾರಿಯಲ್ಲಿ ಮರುಳಯ್ಯನವರು ಸಿಕ್ಕರೆ ಅವರ ಮುಖ ನೋಡಿ ನಗು ಬರುತ್ತಿತ್ತು. ಅರ್ಥ ಗೊತ್ತಿದ್ದು ಹಾಡುವ ಸುಖ ಏನೆಂದು ನಮ್ಮೂರಲ್ಲಿ ನನ್ನೊಬ್ಬಳಿಗೇ ಗೊತ್ತು ಎಂದುಕೊಂಡೆ. ಒಂದೊಂದು ಸಾಲನ್ನೂ ಮಗಳ ಮುಖ ನೋಡಿಕೊಂಡು, ಅವಳಿಗೇ ಹೇಳುವಂತೆ ಹಾಡಿದೆ. ಅವಳು ನೀರಿನಲ್ಲಿ ಮಲಗಿ ನನ್ನನ್ನೇ ನೋಡುತ್ತಿದ್ದಳು. ಹಾಗೆ ಒಂಬತ್ತು ದಿನ ಹಾಡಿದೆ.

ಆ ದಿನಗಳಲ್ಲಿ ಅವಳ ಮಾತು ಕಮ್ಮಿಯಾಗಿತ್ತು. ಬೆನ್ನಿಗೆ ಎಣ್ಣೆ ಹಚ್ಚಲು ಹೋದರೆ ಬೇಡ ಎನ್ನುತ್ತಿದ್ದಳು. ನೀರಿನಿಂದ ಎದ್ದ ಮೇಲೆ ಬಟ್ಟೆ ಹಾಕಿಕೊಳ್ಳುವಾಗ ಆಚೆ ನಿಲ್ಲಮ್ಮ, ನಾನೇನು ಕೂಸಾ ಎನ್ನುತ್ತಿದ್ದಳು. ಮೈ ಕೆಂಪಾಗಿರುತ್ತಿತ್ತು, ಅದು ಬಿಸಿನೀರಿನಲ್ಲಿ ಮಲಗಿದವರಿಗೆ ಇದ್ದದ್ದೇ. ಹತ್ತನೆಯ ದಿನ ಬೆಳಿಗ್ಗೆ ತಳ್ಳುಗಾಡಿಗೆ ಕೂರಿಸಲು ಬೆನ್ನ ಹಿಂದೆ ಕೈ ಹಾಕಿದೆ. ಅವಳು ಕೂಗಿಕೊಂಡಳು. ರವಿಕೆ ಬೆನ್ನಿಗೆ ಅಂಟಿತ್ತು. ಬಿಡಿಸಲು ಹೋದರೆ ಚರ್ಮವೂ ಅದರ ಜೊತೆಗೇ ಬಂತು.

ಬೆನ್ನು, ತೊಡೆಯ ಹಿಂಭಾಗ, ಹಿಮ್ಮಡಿ, ಎಲ್ಲ ಬೆಂದುಹೋಗಿತ್ತು. ಮೊದಲ ದಿನ ಸ್ವಲ್ಪ, ಮಾರನೆಯ ದಿನ ಇನ್ನು ಸ್ವಲ್ಪ, ಹೀಗೆ ನೀರು ದಿನದಿಂದ ದಿನಕ್ಕೆ ನನ್ನ ಮಾತು ಕೇಳುವುದನ್ನು ಬಿಡುತ್ತ ಬಂದಿತ್ತು. ಒಂಬತ್ತು ದಿನವೂ ಅವಳು ಬೆರಳದ್ದಿ ನೋಡಿ, ಗೊತ್ತಿದ್ದೂ ಗೊತ್ತಿದ್ದೂ ಹದ ಬಂತೆಂದು ಹೇಳಿ ಇಳಿದಿದ್ದಳು. ನಾನು ಎದೆ ಎದೆ ಬಡಿದುಕೊಂಡು ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಅವಳು ಮೊದಲು ಏನೇನೋ ಹೇಳಿದಳು. ಕೀಲು ಸಡಿಲಾಗಬೇಕಲ್ಲ, ಅದಕ್ಕೆ ತಡೆದುಕೊಂಡೆ ಎಂದಳು. ಹೇಳಿಕೊಟ್ಟ ತಪ್ಪು ನನ್ನದು, ಗೊತ್ತಾದರೆ ಸಮಿತಿಯವರು ನಿನ್ನ ಕೈಯಿಂದ ಹಲಗೆ ಕಿತ್ತುಕೊಳ್ಳುತ್ತಿದ್ದರು ಎಂದಳು. ಆಮೇಲೆ ಕವುಚಿ ಮಲಗಿದ್ದವಳು ಮುಖವನ್ನು ದಿಂಬಿಗೆ ಒತ್ತಿಕೊಂಡು ಹೇಳಿದಳು.

“ನೀನು ನನ್ನ ಮುಖ ನೋಡ್ಕೊಂಡು ಇರು ಇರು ಅಂತ ಹಾಡ್ತಿದ್ದೆ. ಹೇಗಮ್ಮ ಏಳ್ಲಿ?”

ಡಾಕ್ಟರು ಬಂದು ಮುಲಾಮು ಹಚ್ಚಿ, ಗಾಯ ಮಾಯುವವರೆಗೆ ಒಂದು ತಿಂಗಳು ನೀರಿನ ಹತ್ತಿರ ಕರೆದೊಯ್ಯಬೇಡಿ ಎಂದರು. ಒಂದು ತಿಂಗಳಲ್ಲಿ ಏನಾಗುತ್ತದೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. 

ಸಂಜೆ ಮರುಳಯ್ಯನವರು ಬಂದರು. ನನ್ನನ್ನು ಬುಗ್ಗೆಗೆ ಕರೆದುಕೊಂಡು ಹೋಗಿ ಹಾಡಲು ಹೇಳಿದರು. ಹಾಡಿದೆ. ಅವರು ದಾರಕ್ಕೆ ವೀಳ್ಯದೆಲೆ ಕಟ್ಟಿ ನೀರಿಗೆ ಬಿಟ್ಟು ತೆಗೆದರು. ಎಲೆ ಕಪ್ಪಾಗಿ ಜೋತುಬಿದ್ದಿತ್ತು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮೆಟ್ಟಿಲ ಮೇಲೆ ಕೂತು ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡು, ಒಂದು ಮಗುವಿಗೆ ಕಲಿಸು ಅಂತ ನಿನಗೆ ಎಷ್ಟು ವರ್ಷದಿಂದ ಹೇಳಿದೆ ಹೊನ್ನಾಜಮ್ಮ ಎಂದರು. ಅಷ್ಟೇ ಹೇಳಿದ್ದು. ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು, ಆಮೇಲೆ ಯಾಕೋ ತಿರುಗಿ ಬಂದು ಅದನ್ನು ನನ್ನ ಕೈಗೇ ಕೊಟ್ಟು ಹೋದರು.

ದಿನಾ ಹೋದೆ. ಒಬ್ಬಳೇ ಹೋಗಿ, ಕಂತೆ ವೀಳ್ಯದೆಲೆ ಇಟ್ಟುಕೊಂಡು ಹಾಡಿದೆ. ಅರ್ಥ ಮರೆಯಲು ಏನು ಮಾಡಬೇಕೋ ಎಲ್ಲ ಮಾಡಿದೆ. ಐತಪ್ಪ ಸುಳ್ಳುಗಾರ, ಅವನಿಗೆ ಜಪಾನಿ ಬರುತ್ತಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದ್ದಾನೆ ಎಂದು ನನಗೆ ನಾನೇ ನೂರು ಸಲ ಹೇಳಿಕೊಂಡೆ. ಒಂದೊಂದು ಸಾಲಿಗೂ ಬೇರೆ ಅರ್ಥ ಕಟ್ಟಿದೆ, ಇದು ಎತ್ತಿನ ಹಾಡು, ಇದು ಮದುವೆಯ ಹಾಡು ಎಂದುಕೊಂಡು ಹಾಡಿದೆ. ಹಾಡುತ್ತ ಹಾಡುತ್ತ ಬೇರೆ ಏನನ್ನೋ ಎಣಿಸಿದೆ. ಹಣೆಯನ್ನು ಗೋಡೆಗೆ ಚಚ್ಚಿಕೊಂಡೆ. ಇಷ್ಟು ಸುಲಭದ ಮಾತು, ಹೇಗೆ ಮರೆಯುವುದು? ಚಪ್ಪಲಿ ಒಣಗಿಲ್ಲ, ಇನ್ನು ಸ್ವಲ್ಪ ಹೊತ್ತು ಇರು. ಇದನ್ನು ಮರೆಯುವುದೆಂದರೆ ಮಗಳನ್ನೇ ಮರೆಯಬೇಕು. ಎಲೆಗಳು ಒಂದಾದ ಮೇಲೆ ಒಂದು ಕಪ್ಪಾದವು.

ಹಾಡು ಬರುವ ಇನ್ನೊಂದು ಬಾಯಿ ಬೇಕಾಗಿತ್ತು. ನೀರು ಕೇಳದ ಬಾಯಿಂದ ಕಲಿತರೆ ನಡೆಯುವುದಿಲ್ಲ ಎಂದು ಗೊತ್ತಿದ್ದೂ, ಕಟ್ಟಳೆ ಇಷ್ಟರಲ್ಲಾದರೂ ಸುಳ್ಳಾಗಲಿ ಎಂದು, ಸಣ್ಣ ಮಕ್ಕಳಿರುವ ಮನೆಮನೆಗೆ ಹೋದೆ. ಮಗುವನ್ನು ಕೊಡಿ, ಮೂರು ವರ್ಷ ಬೇಡ, ಮೂರು ತಿಂಗಳಲ್ಲಿ ಕಲಿಸುತ್ತೇನೆ ಎಂದು ಸೆರಗೊಡ್ಡಿದೆ. ಯಾರೂ ಕೆಟ್ಟ ಮಾತಾಡಲಿಲ್ಲ. ಕಾಫಿ ಕೊಟ್ಟರು, ವಾರಿಜ ಹೇಗಿದ್ದಾಳೆ ಎಂದು ಕೇಳಿದರು. ನಾನು ಇರುವವರೆಗೆ ಮಕ್ಕಳನ್ನು ಒಳಕೋಣೆಗೆ ಕಳಿಸಿ ಬಾಗಿಲು ಹಾಕಿಕೊಂಡರು. ಒಂದು ಮನೆಯಿಂದ ಹೊರಗೆ ಬರುವಾಗ ಬೆನ್ನ ಹಿಂದೆ ಆ ಬೈಗುಳ ಕೇಳಿಸಿತು. ಅದೀಗ ಬೈಗುಳವೇನಲ್ಲ, ನಿಜವೇ ತಾನೇ.

ಬೆನ್ನಿನ ಗಾಯ ಮಾಯುತ್ತ ಬಂತು. ಅಷ್ಟರಲ್ಲಿ ಅವಳ ಕಾಲು ಮಡಚದಾದವು, ಆಮೇಲೆ ಸೊಂಟ. ಬೆರಳು ಬಿಗಿದ ದಿನ, ಬಾಕಿ ಉಳಿದಿದ್ದ ರವಿಕೆಗಳನ್ನು ಅವರವರ ಮನೆಗೆ ಕೊಟ್ಟು ಬಾ ಎಂದಳು. ಯಾವುದು ಯಾರದ್ದು ಎಂದು ನೋಡದೆಯೇ ಹೇಳಿದಳು. ಇನ್ನೊಂದು ವಾರಕ್ಕೆ ಕುತ್ತಿಗೆ ತಿರುಗದಾಯಿತು. ಮಾತು ಮಾತ್ರ ಇತ್ತು. ದಿನಕ್ಕೊಂದು ಸಲ ಹಾಡಮ್ಮ ಎನ್ನುತ್ತಿದ್ದಳು. ಹಾಡುತ್ತಿದ್ದೆ, ಮಂಚದ ಪಕ್ಕದಲ್ಲಿ ಕೂತು, ಹಲಗೆ ಇಲ್ಲದೆ. ಕೈ ಸುಮ್ಮನೆ ಬಲಕ್ಕೂ ಎಡಕ್ಕೂ ಹೋಗುತ್ತಿತ್ತು. ಅವಳು ನನ್ನ ಕೈ ನೋಡಿ ನಕ್ಕದ್ದೂ ಉಂಟು.

ದವಡೆ ಬಿಗಿದ ಮೇಲೆ ಗಂಜಿಯನ್ನು ತುಟಿಯ ಸಂದಿಯಲ್ಲಿ ಬಿಡಬೇಕಾಯಿತು. ಉಸಿರು ಎಳೆದರೆ ಎದೆ ಏಳುತ್ತಿರಲಿಲ್ಲ. ಒಂದೊಂದು ಉಸಿರಿಗೂ ಅವಳ ಕಣ್ಣು ಅಗಲವಾಗುತ್ತಿತ್ತು. ಡಾಕ್ಟರು ನೋಡಿ, ಇನ್ನು ಪಕ್ಕೆಲುಬು ಎಂದು ಹೇಳಿ ಹೊರಗೆ ಹೋದರು. ನೋವು ತಿಳಿಯುತ್ತದೆಯೇ ಎಂದು ಬಾಗಿಲವರೆಗೆ ಹೋಗಿ ಕೇಳಿದೆ. ಎಲ್ಲ ತಿಳಿಯುತ್ತದೆ ಎಂದರು.

ನಾನು ಒಳಗೆ ಬಂದು ಕೂತು ಹಾಡಲು ಶುರುಮಾಡಿದೆ. ಹಾಡಮ್ಮ ಎಂದು ಅವಳು ಅನ್ನಲಾರಳು, ನಾನೇ ರೂಢಿಯಿಂದ ಹಾಡಿದೆ. ಮೂರನೆಯ ನೆಪಕ್ಕೆ ಬಂದಾಗ ಅವಳು ನನ್ನನ್ನೇ ನೋಡುತ್ತಿದ್ದಳು, ನೀರಿನಲ್ಲಿ ಮಲಗಿ ಬೇಯುತ್ತ ನೋಡುತ್ತಿದ್ದಳಲ್ಲ, ಅದೇ ನೋಟ. ಇರು ಎಂದರೆ ಇರುವ ಹುಡುಗಿ. ನನ್ನ ಬಾಯಿ ಅಲ್ಲಿಗೇ ನಿಂತಿತು. ಹೊರಗೆ ಮಧ್ಯಾಹ್ನದ ಬಸ್ಸು ಬಂದು ನಿಂತ ಸದ್ದು, ಮರುಳಯ್ಯನವರು ಯಾರನ್ನೋ ಪ್ರಶ್ನೆ ಕೇಳುವ ಸದ್ದು ಕೇಳಿಸಿತು. ನಾನು ಬಾಗಿ ಅವಳ ಕಿವಿಯ ಹತ್ತಿರ, ನಮ್ಮ ಮಾತಿನಲ್ಲಿಯೇ ಹೇಳಿದೆ.

“ಸಾಕು ಮಗಳೇ. ಹೋಗು.”

ಅವಳಿಗೆ ಕೇಳಿಸಿತು. ರೆಪ್ಪೆ ಒಂದು ಸಲ ಮುಚ್ಚಿ ತೆರೆಯಿತು. ಆದರೆ ಹೋಗುವುದು ಅವಳ ಕೈಯಲ್ಲಿರಲಿಲ್ಲ. ಇನ್ನೂ ಹನ್ನೊಂದು ದಿನ ಇದ್ದಳು.